ಅಂಗಳದಲ್ಲೊಂದು ರಾಜಧಾನಿ

ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯವನ್ನು ಕಟ್ಟಿರುವುದು ನಡುವೆ ಅಂಗಳ ಬಿಟ್ಟು ಸುತ್ತ ಪಡಸಾಲೆ ಹಾಕಿದ ಮನೆಯ ರೀತಿಯಲ್ಲಿ. ಬಾಗಿಲಲ್ಲಿ ಕೃಷ್ಣದೇವರಾಯ ಮತ್ತು ಅವನ ಇಬ್ಬರು ರಾಣಿಯರು ಕೈಮುಗಿದು ನಿಂತಿದ್ದಾರೆ. ತಿರುಮಲೆಯಲ್ಲಿರುವ ಲೋಹದ ಮೂರ್ತಿಗಳ ಪ್ರತಿರೂಪಗಳಿವು. ಅವರನ್ನು ದಾಟಿದರೆ ಅಂಗಳ. ಅಂಗಳದ ತುಂಬ ಹಂಪಿಯ ಕಣಿವೆ. ಬಂಡೆಗುಡ್ಡಗಳು, ಅವುಗಳ ಸಂದಿಯಲ್ಲಿ ತಿರುಗಿ ಹರಿಯುವ ತುಂಗಭದ್ರೆ, ಹೊಳೆಯ ದಡದಲ್ಲಿ ವಿರೂಪಾಕ್ಷನ ಗುಡಿ, ಅದರ ಮುಂದೆ ಮೂಡಲಿಗೆ ನೇರ ಚಾಚಿದ ತೇರುಬೀದಿ, ತೆಂಕಲಿಗೆ ಅರಮನೆಯ ಕೋಟೆ, ಇನ್ನೂ ತೆಂಕಲಿಗೆ ಕಮಲಾಪುರದ ಕೆರೆ. ಇವೆಲ್ಲವನ್ನೂ ಕಿರಿದು ಮಾಡಿ, ನೆಲದ ಏರುತಗ್ಗುಗಳ ಸಮೇತ ಒಂದೇ ನೋಟಕ್ಕೆ ಸಿಗುವ ಹಾಗೆ ಹರಡಿದ್ದಾರೆ. ಸುತ್ತಲಿನ ನಾಲ್ಕು ವಿಭಾಗಗಳಲ್ಲಿ ಶಿಲ್ಪಗಳು, ತಾಮ್ರಶಾಸನಗಳು, ನಾಣ್ಯಗಳು, ಆಯುಧಗಳು, ವೀರಗಲ್ಲು ಮಾಸ್ತಿಕಲ್ಲುಗಳು ಇವೆ. ಆದರೂ ಜನ ಮೊದಲು ನಿಲ್ಲುವುದು ಅಂಗಳದ ಕಟ್ಟೆಯ ಬಳಿ. ಹರಪನಹಳ್ಳಿ, ತೆಲಿಗಿ, ಕೂಡ್ಲಿಗಿ ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದ ಮಕ್ಕಳು ಇಲ್ಲಿ ಬಗ್ಗಿ ಹುಡುಕುವುದು ಕಲ್ಲಿನ ರಥ ಎಲ್ಲಿದೆ ಎಂದು.

ಈ ನೋಟ ಪಟ್ಟಣ ಬದುಕಿದ್ದಾಗ ಅದನ್ನು ಕಂಡವರಿಗೂ ಸಿಕ್ಕಿರಲಿಲ್ಲ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ದೊಮಿಂಗೊ ಪಾಯಸ್ ಊರಿನ ಅಳತೆ ತಿಳಿಯಲೆಂದು ಒಂದು ಗುಡ್ಡ ಹತ್ತಿದ. ಕಂಡದ್ದು ಒಂದು ಭಾಗ ಮಾತ್ರ. ಉಳಿದದ್ದು ಬೇರೆ ಬೇರೆ ಗುಡ್ಡಸಾಲುಗಳ ಮರೆಯಲ್ಲಿತ್ತು. ಕಂಡಷ್ಟೇ ರೋಮ್ ನಗರದಷ್ಟಿದೆ ಎಂದು ಬರೆದುಕೊಂಡ. 1443ರಲ್ಲಿ ಬಂದಿದ್ದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್ ಊರನ್ನು ಅಳೆದದ್ದು ಇನ್ನೊಂದು ಬಗೆಯಲ್ಲಿ: ಒಂದರೊಳಗೊಂದು ಏಳು ಕೋಟೆಗಳನ್ನು ಎಣಿಸಿ. ಒಬ್ಬ ಮೇಲಿನಿಂದ ನೋಡಲು ಹೋದ, ಇನ್ನೊಬ್ಬ ಹೊರಗಿನಿಂದ ಒಳಕ್ಕೆ ನಡೆದ. ವಿಜಯನಗರವನ್ನು ಮುಂದೆ ಪ್ರದರ್ಶನಕ್ಕೆ ಇಟ್ಟವರೆಲ್ಲ ಈ ಎರಡು ದಾರಿಗಳಲ್ಲಿ ಒಂದನ್ನು ಹಿಡಿದವರೇ.

ಕಟ್ಟಡವನ್ನು ಕಿರಿದು ಮಾಡಿ ತೋರಿಸುವ ರೂಢಿ ಮಾತ್ರ ಈ ಸೀಮೆಯಲ್ಲಿ ವಿಜಯನಗರಕ್ಕಿಂತ ಹಳೆಯದು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ತಾಲ್ಲೂಕುಗಳಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು ಹೊಳೆದಂಡೆಗುಂಟ, ಕೆರೆ ಏರಿಗಳ ಪಕ್ಕ ಹರಡಿವೆ: ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ, ನೀಲಗುಂದದ ಭೀಮೇಶ್ವರ, ಮಾಗಳದ ಸೂರ್ಯನಾರಾಯಣ, ಹಿರೇಹಡಗಲಿ ಮತ್ತು ಅಂಬಳಿಯ ಕಲ್ಲೇಶ್ವರ. ಈ ಕಾಲದ ಗುಡಿಗಳ ಹೊರಗೋಡೆಯನ್ನು ಹತ್ತಿರದಿಂದ ನೋಡಿದರೆ ಅರೆಗಂಬದ ನೆತ್ತಿಯ ಮೇಲೆ ಗೇಣುದ್ದದ ಶಿಖರ, ಅದರ ತುದಿಯಲ್ಲಿ ಹೆಬ್ಬೆರಳಿನಷ್ಟು ಕಳಸ ಕಾಣುತ್ತವೆ. ಒಂದು ಕಡೆ ದ್ರಾವಿಡದ ಮೆಟ್ಟಿಲು ಶಿಖರ, ಮಗ್ಗುಲಲ್ಲೇ ಉತ್ತರದ ನಾಗರದ ಕಮಾನುಬೆನ್ನಿನ ಶಿಖರ. ತಾವು ಕಟ್ಟದ ಶೈಲಿಯ ಗುಡಿಯನ್ನೂ ತಾವು ಬಲ್ಲೆವೆಂದು ಶಿಲ್ಪಿಗಳು ಗೋಡೆಯ ಮೇಲೆ ತೋರಿಸಿಟ್ಟಿದ್ದಾರೆ. ಇದನ್ನು ಬರೀ ಅಲಂಕಾರ ಎಂದು ತಳ್ಳಿಹಾಕುವಂತಿಲ್ಲ.

ಹಡಗಲಿ ತಾಲ್ಲೂಕಿನ ಹೊಳಲು ಗ್ರಾಮದ ಅಮೃತೇಶ್ವರ ಗುಡಿಯಲ್ಲಿ ಇದಕ್ಕೆ ಬರಹದ ಸಾಕ್ಷಿಯೂ ಇದೆ. ಮುಖಮಂಟಪದ ಕಂಬವೊಂದರ ಬೋದಿಗೆಯ ಮೇಲಿನ ಕನ್ನಡ ಶಾಸನ ಸೋಗೆಯ ಪದೋಜನ ಶಿಷ್ಯ ಬಮ್ಮೋಜನನ್ನು ಹೊಗಳುತ್ತದೆ. ಅವನು ಕಲಿಯುಗದ ವಿಶ್ವಕರ್ಮ, ಅರುವತ್ತನಾಲ್ಕು ಕಲೆಗಳನ್ನು ಬಲ್ಲವನು, ಅರುವತ್ತನಾಲ್ಕು ಬಗೆಯ ಪ್ರಾಸಾದಗಳನ್ನು ಕಟ್ಟಬಲ್ಲವನು; ನಾಗರ, ಕಾಳಿಂಗ, ದ್ರಾವಿಡ, ವೇಸರ ಎಂಬ ನಾಲ್ಕು ಜಾತಿಯ ಕಟ್ಟಡಗಳು ಅವನ ಕೈವಶ. ಸೋಗೆಯೂ ಇದೇ ತಾಲ್ಲೂಕಿನ ಊರು. ಶಾಸ್ತ್ರಗ್ರಂಥಗಳಲ್ಲಿ ಸಾಮಾನ್ಯವಾಗಿ ಮೂರೇ ಜಾತಿಗಳ ಹೆಸರು ಬರುತ್ತದೆ. ನಾಲ್ಕನೆಯದಾದ ಕಾಳಿಂಗವನ್ನು ಕೆಲಸಗಾರನ ಹೊಗಳಿಕೆಯಲ್ಲಿ ಸೇರಿಸಿರುವ ಈ ಬೋದಿಗೆ ಭಾರತೀಯ ವಾಸ್ತುವಿನ ಚರ್ಚೆ ನಡೆದಲ್ಲೆಲ್ಲ ತಲೆ ಹಾಕುತ್ತಲೇ ಬಂದಿದೆ. ಕಟ್ಟಡಗಳಿಗೆ ಜಾತಿ ಹೆಸರು ಕೊಟ್ಟು ಕಟ್ಟಿದವನ ಹೆಸರನ್ನೂ ಜತೆಗಿಡುವುದು ಇಂದಿನ ಸಂಗ್ರಹಾಲಯದ ಫಲಕ ಮಾಡುವ ಕೆಲಸ. ಆ ಲೆಕ್ಕದಲ್ಲಿ ಹೊಳಲಿನ ಕಂಬ ಈ ಸೀಮೆಯ ಮೊದಲ ಫಲಕ.

1565ರ ಯುದ್ಧದಲ್ಲಿ ವಿಜಯನಗರ ಸೋತ ನಂತರ ರಾಜಧಾನಿ ಬರಿದಾಯಿತು. ಅದನ್ನು ಮತ್ತೆ ಕಾಗದದ ಮೇಲೆ ತಂದದ್ದು ಸೈನ್ಯದ ಸರ್ವೇಯವರು. 1799ರಲ್ಲಿ, ಮುಂದೆ ಕರ್ನಲ್ ಆದ ಕಾಲಿನ್ ಮೆಕೆಂಜಿ ಹಾಳುಬಿದ್ದ ಊರಿನ ಮೊದಲ ನಕ್ಷೆಯನ್ನು ಜಲವರ್ಣದಲ್ಲಿ ಮಾಡಿಸಿದ. ಗುಡ್ಡಗಳು, ಹೊಳೆ, ಗುಡಿಗಳು, ಬೀದಿಗಳ ಗೆರೆಗಳು ಅದರಲ್ಲಿವೆ. ಅದಾಗಿ ಐವತ್ತೇಳು ವರ್ಷಕ್ಕೆ, 1856ರಲ್ಲಿ, ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಕ್ಯಾಮೆರಾ ಹೊತ್ತು ಬಂದ. ಅವನದು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳು. ಒಂದೊಂದಕ್ಕೂ ಬಹಳ ಹೊತ್ತು ಬೆಳಕು ಕುಡಿಸಬೇಕು. ಆದ್ದರಿಂದ ಆ ಚಿತ್ರಗಳಲ್ಲಿ ಅಲುಗದ ಕಲ್ಲೇ ಪ್ರಧಾನ, ಓಡಾಡುವ ಮನುಷ್ಯರು ಕಡಿಮೆ. ಹಂಪಿ ಎಂದರೆ ಜನರಿಲ್ಲದ ಕಲ್ಲಿನೂರು ಎಂಬ ಚಿತ್ರ ಲೋಕದ ಕಣ್ಣಿಗೆ ಹತ್ತಿದ್ದರಲ್ಲಿ ಮೇಣದ ಕಾಗದದ ಪಾಲೂ ಇರಬಹುದು.

ಹಡಗಲಿ, ಹರಪನಹಳ್ಳಿಯಂಥ ಪಡುವಲ ತಾಲ್ಲೂಕುಗಳ ಸರದಿ ಬಂದದ್ದು ಶತಮಾನದ ಕೊನೆಗೆ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಪುರಾತತ್ವ ಸರ್ವೇಕ್ಷಣ ಇಲಾಖೆಯ ಅಲೆಕ್ಸಾಂಡರ್ ರೀ ಇಲ್ಲಿನ ಚಾಲುಕ್ಯ ಗುಡಿಗಳ ಅಳತೆ ತೆಗೆದು 1896ರಲ್ಲಿ ಒಂದು ದೊಡ್ಡ ಸಂಪುಟ ಹೊರತಂದ. ಬಾಗಳಿ, ಕುರುವತ್ತಿ, ಮಾಗಳ, ಹಡಗಲಿಗಳ ನೆಲನಕ್ಷೆ, ಕಂಬ, ಬಾಗಿಲುವಾಡ, ಜಾಲಂಧ್ರಗಳು ಗೆರೆಗೆರೆಯಾಗಿ ಅದರಲ್ಲಿ ಮೂಡಿವೆ. ನೆಲನಕ್ಷೆಯಲ್ಲಿ ಗುಡಿಯೊಂದು ನೆಲಮಟ್ಟದಲ್ಲಿ ಅಡ್ಡ ಕೊಯ್ದಂತೆ ಕಾಣುತ್ತದೆ: ಗರ್ಭಗುಡಿಯ ಚೌಕ, ಸುಕನಾಸಿ, ನವರಂಗದ ಕಂಬಗಳ ಗುರುತು, ಗೋಡೆ ಮೆಟ್ಟುಮೆಟ್ಟಾಗಿ ಒಳಹೊರಗೆ ಸರಿಯುವ ರೀತಿ. ಕಟ್ಟಿದ ಓಜರ ತಲೆಯಲ್ಲಿ ಇದ್ದದ್ದು ಇದೇ. ಕುರುವತ್ತಿಯ ಬಾಗಿಲ ಕಂಬಗಳ ಮದನಿಕೆಯರು ಮಾತ್ರ ಗೆರೆಯ ಚಿತ್ರಕ್ಕೆ ಪೂರ್ತಿ ಒಗ್ಗಿಲ್ಲ. ಬಳುಕಿದ ಮೈ, ಮೈಗೂ ಬಳ್ಳಿಗೂ ನಡುವೆ ಕೊರೆದು ಬಿಟ್ಟ ಬಯಲು, ಅದರೊಳಗೆ ಹಾಯುವ ಬೆಳಕು ನೋಡಬೇಕಾದರೆ ಕುರುವತ್ತಿಗೇ ಹೋಗಬೇಕು. ಅವರು ಈಗಲೂ ಅಲ್ಲೇ ಇದ್ದಾರೆ.

ಹಂಪಿಯ ಬಿಡಿ ಕಲ್ಲುಗಳು ಒಂದು ಸೂರಿನಡಿ ಸೇರಿದ್ದು ಆನೆಲಾಯದಲ್ಲಿ. ಬಿದ್ದ ಗುಡಿಗಳ ಮೂರ್ತಿಗಳನ್ನೂ ಕಟ್ಟಡದ ತುಂಡುಗಳನ್ನೂ ಬ್ರಿಟಿಷ್ ಅಧಿಕಾರಿಗಳು ಅಲ್ಲಿ ಕೂಡಿಹಾಕಿದರು. ಕಮಲಾಪುರದ ಸಂಗ್ರಹದ ಬೀಜ ಅದು. ಹನ್ನೊಂದು ಗುಮ್ಮಟಗಳ ಆ ಲಾಯ ತಾನೇ ಪ್ರದರ್ಶನಕ್ಕೆ ಇಡಬೇಕಾದ ಕಟ್ಟಡ. ಅದನ್ನು ಉಗ್ರಾಣ ಮಾಡಿಕೊಂಡದ್ದು ಬೇರೆ ಸೂರು ಇಲ್ಲದ್ದರಿಂದ. ಎಲ್ಲ ಕಲ್ಲೂ ಅಲ್ಲಿ ಉಳಿಯಲಿಲ್ಲ. ಕೃಷ್ಣದೇವರಾಯ ಉದಯಗಿರಿಯನ್ನು ಗೆದ್ದು ತಂದು ಕೃಷ್ಣಗುಡಿಯಲ್ಲಿ ನಿಲ್ಲಿಸಿದ ಬಾಲಕೃಷ್ಣ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದ. ಗುಡಿ ಹಂಪಿಯಲ್ಲಿ, ದೇವರು ಚೆನ್ನೈನಲ್ಲಿ. ಬಳ್ಳಾರಿ ಜಿಲ್ಲೆಯ ಕಲೆಕ್ಟರನಾಗಿದ್ದ ರಾಬರ್ಟ್ ಸೀವೆಲ್ 1900ರಲ್ಲಿ ಬರೆದ ಪುಸ್ತಕ ಪಾಯಸ್ ಮತ್ತು ಇನ್ನೊಬ್ಬ ಪೋರ್ಚುಗೀಸ್ ವ್ಯಾಪಾರಿ ನೂನಿಜರ ಬರಹಗಳನ್ನು ಇಂಗ್ಲಿಷಿಗೆ ತಂದಿತು. 1917ರಲ್ಲಿ ಎ. ಎಚ್. ಲಾಂಗ್‌ಹರ್ಸ್ಟ್ ಹಂಪಿಯ ಹಾಳುಗಳಿಗೆ ಕೈಪಿಡಿ ಬರೆದ. ‘ರಾಣಿಯ ಸ್ನಾನಗೃಹ’, ‘ಕಮಲ ಮಹಲು’, ‘ಕಾವಲುಗಾರರ ಮನೆ’ ಮುಂತಾದ ಹೆಸರುಗಳು ಗಟ್ಟಿಯಾಗಿ ನೆಲೆಯೂರಿದ್ದು ಇಂಥ ಕೈಪಿಡಿಗಳಿಂದ. ಅವುಗಳಲ್ಲಿ ಹಲವು ಊಹೆಯ ಹೆಸರುಗಳು, ಶಾಸನದ ಆಧಾರ ಇಲ್ಲದವು. ಆದರೂ ಗೈಡುಗಳ ಬಾಯಲ್ಲಿ ಇಂದಿಗೂ ಅವೇ.

ಊರೊಂದರ ವಿನ್ಯಾಸವನ್ನೇ ಪ್ರದರ್ಶನ ಮಾಡುವುದು ಈ ಪ್ರಾಂತ್ಯಕ್ಕೆ ಬಂದದ್ದು ಅದೇ ದಶಕದಲ್ಲಿ, ಅದೂ ಒಂದು ಹಡಗು ಮುಳುಗಿದ ಮೇಲೆ. ಸ್ಕಾಟ್ಲೆಂಡಿನ ನಗರಯೋಜಕ ಪ್ಯಾಟ್ರಿಕ್ ಗೆಡ್ಡಿಸ್ ನಕ್ಷೆ, ಚಿತ್ರ, ಫೋಟೊಗಳನ್ನು ಸೇರಿಸಿ ‘ನಗರಗಳು ಮತ್ತು ನಗರಯೋಜನೆ’ ಪ್ರದರ್ಶನ ಕಟ್ಟಿದ್ದ. ಮದ್ರಾಸಿನ ಗವರ್ನರ್ ಪೆಂಟ್ಲೆಂಡ್ ಕರೆದದ್ದಕ್ಕೆ ಅದನ್ನು 1914ರಲ್ಲಿ ಹಡಗಿಗೇರಿಸಿದ. ಯುದ್ಧ ಶುರುವಾಗಿತ್ತು, ಜರ್ಮನಿಯ ಯುದ್ಧನೌಕೆ ಎಮ್‌ಡೆನ್ ಆ ಹಡಗನ್ನು ಮುಳುಗಿಸಿತು. ವರ್ಷಗಟ್ಟಲೆ ಕೂಡಿಸಿದ ನಕ್ಷೆಗಳು ಸಮುದ್ರದ ಪಾಲಾದವು. ಗೆಳೆಯರು ಬ್ರಿಟನ್ನಿನಲ್ಲಿ ಅವಸರದಿಂದ ಇನ್ನೊಂದು ಸಂಗ್ರಹ ಒಟ್ಟುಮಾಡಿ ಕಳಿಸಿದರು. 1915ರ ಜನವರಿಯಲ್ಲಿ ಅದು ಮದ್ರಾಸಿನಲ್ಲಿ ತೆರೆದುಕೊಂಡಿತು. ಆಮೇಲೆ ಗೆಡ್ಡಿಸ್ ಪ್ರಾಂತ್ಯದ ಊರುಗಳನ್ನು ಸುತ್ತಿ ವರದಿಗಳನ್ನು ಬರೆದ; ಬಳ್ಳಾರಿಯೂ ಅವುಗಳಲ್ಲಿ ಸೇರಿತ್ತು. ಹಳೆಯ ಓಣಿಗಳನ್ನು ಕೆಡವಿ ನೇರ ರಸ್ತೆ ಎಳೆಯುವುದನ್ನು ಅವನು ಒಪ್ಪುತ್ತಿರಲಿಲ್ಲ. ಬಾವಿ, ಮರ, ಗುಡಿ, ಮನೆಗಳ ಅಂಗಳ ನೋಡಿಕೊಂಡು ಬೇಕಾದಷ್ಟನ್ನೇ ಸರಿಪಡಿಸಬೇಕು ಎನ್ನುವವ. ಅವನ ಕಣ್ಣಿನಲ್ಲಿ ಪಟ್ಟಣ ಎಂದರೆ ಅದರ ಕಟ್ಟಡಗಳು ಮಾತ್ರವಲ್ಲ, ನೀರು ಮತ್ತು ನಡೆದಾಟ ಕೂಡ. ಹಂಪಿಯನ್ನು ಹಾಗೆ ನೋಡಲು ಇನ್ನೂ ಅರುವತ್ತು ವರ್ಷ ಬೇಕಾಯಿತು.

ಆನೆಲಾಯದ ಸಂಗ್ರಹ 1972ರಲ್ಲಿ ಕಮಲಾಪುರದ ಈಗಿನ ಕಟ್ಟಡಕ್ಕೆ ಬಂತು. ಇನ್ನೇನು ಜೋಡಿಸಿ ಮುಗಿಯಿತು ಎನ್ನುವಷ್ಟರಲ್ಲಿ ಹೊರಗೆ ನೆಲ ಅಗೆಯುವ ಕೆಲಸ ದೊಡ್ಡದಾಗಿ ಶುರುವಾಯಿತು. 1970ರ ದಶಕದ ನಡುವಿನಿಂದ ಕೇಂದ್ರದ ಸರ್ವೇಕ್ಷಣ ಇಲಾಖೆ ಮತ್ತು ರಾಜ್ಯ ಪುರಾತತ್ವ ಇಲಾಖೆ ಎರಡೂ ಅರಮನೆಯ ಪ್ರದೇಶದಲ್ಲಿ ಉತ್ಖನನ ನಡೆಸಿದವು. ಮಣ್ಣಿನಡಿ ಸಿಕ್ಕಿದ್ದು ಅರಮನೆಗಳ ಪಾದಗಳು: ಅಚ್ಚುಕಟ್ಟಾದ ಕಲ್ಲಿನ ಅಧಿಷ್ಠಾನ, ಮೆಟ್ಟಿಲು, ಮೆಟ್ಟಿಲ ಪಕ್ಕದ ಕೈಪಿಡಿಗಲ್ಲು, ಗಾರೆ ನೆಲ, ಕಂಬ ನಿಲ್ಲಿಸಿದ ಗುರುತು. ಮೇಲಿನದೆಲ್ಲ ಮರ, ಇಟ್ಟಿಗೆ, ಸುಣ್ಣ; ಅದು ಉಳಿದಿಲ್ಲ. ದೇವರಿಗೆ ಕಲ್ಲಿನ ಮನೆ, ರಾಜನಿಗೆ ಮರದ ಮನೆ. ವಸ್ತುಸಂಗ್ರಹಾಲಯದ ನಾಲ್ಕನೆಯ ವಿಭಾಗದಲ್ಲಿ ಈ ಅಗೆತದ ವಸ್ತುಗಳಿವೆ: ಗಾರೆಯ ಬೊಂಬೆಗಳ ಮುರುಕು, ಕಬ್ಬಿಣದ ಸಾಮಾನು, ಪಿಂಗಾಣಿಯ ಚೂರುಗಳು. ಕಲ್ಲಿನ ದೇವರ ಮುಂದೆ ನಿಂತಷ್ಟು ಹೊತ್ತು ಯಾರೂ ಪಿಂಗಾಣಿ ಚೂರಿನ ಮುಂದೆ ನಿಲ್ಲುವುದಿಲ್ಲ. ಆದರೆ ಉಂಡ ತಟ್ಟೆ ಅದು. ಅರಮನೆಯ ಒಳಬಾಳನ್ನು ಹೇಳಲು ಉಳಿದ ಸಾಕ್ಷಿಗಳು ಇಂಥವೇ.

ಆ ಅಗೆತದಲ್ಲಿ ಬಯಲಾದ ಮೆಟ್ಟಿಲು ಪುಷ್ಕರಣಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಹಂಪಿಯ ಗ್ರಾನೈಟಿನ ನಡುವೆ ಇದೊಂದು ಕಪ್ಪು ಬಳಪದ ಕಲ್ಲಿನ ಕಟ್ಟಡ. ಮೆಟ್ಟಿಲ ಮೇಲೆ ಮೆಟ್ಟಿಲು ಕೂಡಿ ಗೋಪುರವನ್ನು ತಲೆಕೆಳಗು ಮಾಡಿ ನೆಲದಲ್ಲಿ ಹೂತಂತೆ ಕಾಣುತ್ತದೆ. ಕಲ್ಲುಗಳ ಮೇಲೆ ಸಣ್ಣ ಗುರುತುಗಳನ್ನು ಕೊರೆದಿದ್ದಾರೆ: ಯಾವ ದಿಕ್ಕು, ಎಷ್ಟನೆಯ ಸಾಲು, ಸಾಲಿನಲ್ಲಿ ಎಷ್ಟನೆಯ ಕಲ್ಲು. ಎಂದರೆ ಕಲ್ಲುಗಳನ್ನು ಬೇರೆಡೆ ಕೆತ್ತಿ, ಗುರುತು ಹಾಕಿ, ಇಲ್ಲಿ ತಂದು ಜೋಡಿಸಿದ್ದಾರೆ. ಇಂಥ ಕೆಲಸಕ್ಕೆ ಮೊದಲೇ ಒಂದು ನಕ್ಷೆ ಇರಲೇಬೇಕು, ಹಲಗೆಯ ಮೇಲೋ ನೆಲದ ಮೇಲೋ ತಲೆಯಲ್ಲೋ. ನಕ್ಷೆ ಹೋಯಿತು, ಅದರ ಅಂಕಿಗಳು ಕಲ್ಲಿನ ಮೇಲೆ ಉಳಿದವು.

1980ರ ಸುಮಾರಿಗೆ, ರಾಜ್ಯ ಇಲಾಖೆಯ ಎಂ. ಎಸ್. ನಾಗರಾಜರಾವ್ ನಿರ್ದೇಶಕರಾಗಿದ್ದ ಕಾಲದಲ್ಲಿ, ಅಮೆರಿಕದ ಪುರಾತತ್ವಜ್ಞ ಜಾನ್ ಫ್ರಿಟ್ಜ್ ಮತ್ತು ವಾಸ್ತುಶಿಲ್ಪ ಇತಿಹಾಸಕಾರ ಜಾರ್ಜ್ ಮಿಶೆಲ್ ಬಂದು ಬೀಡುಬಿಟ್ಟರು. ಅಗೆಯಲಿಲ್ಲ, ಅಳೆದರು. ಇಪ್ಪತ್ತು ವರ್ಷ ಚಳಿಗಾಲಗಳಲ್ಲಿ ಬಂದು, ವಿದ್ಯಾರ್ಥಿಗಳ ತಂಡ ಕಟ್ಟಿಕೊಂಡು, ನೆಲವನ್ನು ಚೌಕಗಳಾಗಿ ವಿಂಗಡಿಸಿ, ಬಾಗಿಲು, ಗೋಡೆತುಂಡು, ಬಾವಿ, ಬಂಡೆಯ ಮೇಲಿನ ಮೆಟ್ಟಿಲುಕಚ್ಚು ಎಲ್ಲವನ್ನೂ ನಕ್ಷೆಗೆ ಏರಿಸಿದರು. ಹೊಳೆದಂಡೆಯ ಗುಡಿಗಳ ವಲಯ, ಕೋಟೆಯೊಳಗಿನ ಜನವಸತಿಯ ವಲಯ, ಅದರ ಪಡುವಲ ತುದಿಯ ಅರಮನೆಯ ವಲಯ ಎಂದು ಪಟ್ಟಣವನ್ನು ಭಾಗ ಮಾಡಿ ಓದುವುದು ಆಗ ರೂಢಿಗೆ ಬಂತು. ಗುಡಿಗಳಿಗೂ ಕೋಟೆಗೂ ನಡುವಿನ ತಗ್ಗಿನಲ್ಲಿ ರಾಯರ ಕಾಲದ ತುರ್ತು ಕಾಲುವೆ ಇಂದಿಗೂ ಹರಿದು ಬಾಳೆ, ಕಬ್ಬು, ಭತ್ತಕ್ಕೆ ನೀರುಣಿಸುತ್ತದೆ. ಪಟ್ಟಣದಲ್ಲಿ ಹಾಳಾಗದೆ ಉಳಿದ ರಾಯರ ಕಟ್ಟೋಣಗಳಲ್ಲಿ ಇಂಥ ಕಾಲುವೆಗಳೂ ಸೇರಿವೆ.

ಫ್ರಿಟ್ಜ್ ಮತ್ತು ಮಿಶೆಲ್ ಅವರ ನಕ್ಷೆಯಿಂದ ಹೊರಬಿದ್ದ ಸಂಗತಿಗಳಲ್ಲಿ ಒಂದು ಹಜಾರರಾಮ ಗುಡಿಯದು. ಅರಮನೆ ವಲಯದ ದಾರಿಗಳು ಬಂದು ಕೂಡುವುದು ಈ ಗುಡಿಯ ಮುಂದೆ. ಗುಡಿಯಿಂದ ಬಡಗಲಿಗೆ ನೋಡಿದರೆ ಮತಂಗ ಪರ್ವತದ ನೆತ್ತಿ, ಈಶಾನ್ಯಕ್ಕೆ ಮಾಲ್ಯವಂತ. ರಾಮಾಯಣದ ಕಿಷ್ಕಿಂಧೆ ಇದೇ ಎಂದು ನಂಬಿದ ಜನರಿಗೆ ಎರಡೂ ಹೆಸರುಗಳ ಭಾರ ಗೊತ್ತು. ಮತಂಗದಿಂದ ತೆಂಕಲಿಗೆ ಎಳೆದ ಗೆರೆ ಗುಡಿಯ ಮೂಲಕ ಹಾದು ಅರಮನೆಯನ್ನು ಎರಡು ಮಾಡುತ್ತದೆ. ಮಹಾನವಮಿ ದಿಬ್ಬ, ಸಭಾಮಂಟಪಗಳಂಥ ರಾಜ ಜನರ ಮುಂದೆ ಕಾಣಿಸಿಕೊಳ್ಳುವ ಕಟ್ಟಡಗಳು ಮೂಡಲ ಕಡೆ. ವಾಸದ ಅರಮನೆಗಳು ಪಡುವಲ ಕಡೆ. ಫ್ರಿಟ್ಜ್ ಮತ್ತು ಮಿಶೆಲ್ ಇದನ್ನು ಬೇಕೆಂದೇ ಮಾಡಿದ ವಿನ್ಯಾಸವೆಂದು ಓದಿದರು. ಊರು ಒಬ್ಬನ ಕಾಲದಲ್ಲಿ ಕಟ್ಟಿದ್ದಲ್ಲ, ಇನ್ನೂರು ವರ್ಷ ಬೆಳೆದದ್ದು. ಒಂದೇ ಗೆರೆಯ ಮೇಲೆ ಅಷ್ಟು ಅರ್ಥ ಹೊರಿಸುವಾಗ ಸ್ವಲ್ಪ ತಡೆದು ನೋಡಬೇಕು. ಆದರೂ ಗುಡಿಯಲ್ಲಿ ನಿಂತವರಿಗೆ ಮತಂಗ ಕಾಣುವುದಂತೂ ನಿಜ. ಕಮಲಾಪುರದ ಅಂಗಳದಲ್ಲಿ ಒಂದು ದಾರ ಹಿಡಿದು ನೋಡಿದರೂ ಈ ಸಾಲು ತಿಳಿಯುತ್ತದೆ. ನೆಲದ ಏರುತಗ್ಗು ಇರುವ ಮಾದರಿಯ ಲಾಭ ಇದು. ಕಾಗದದ ನಕ್ಷೆಯಲ್ಲಿ ಮತಂಗ ಬರೀ ಒಂದು ಗುರುತು.

ರೋಮ್‌ನಲ್ಲಿ ಇಂಥದೇ ಕೆಲಸ ಬೇರೆ ಮನಸ್ಸಿನಿಂದ ನಡೆದಿದೆ. 1930ರ ದಶಕದಲ್ಲಿ ಇತಾಲೊ ಜಿಸ್ಮೊಂಡಿ ಪ್ರಾಚೀನ ರೋಮ್ ನಗರದ ಗಾರೆಯ ಮಾದರಿಯನ್ನು 1:250 ಅಳತೆಯಲ್ಲಿ ಮಾಡತೊಡಗಿದ. ಅಲ್ಲಿ ಪಾಳು ಎಂಬುದೇ ಇಲ್ಲ. ಗೊತ್ತಿದ್ದ ಕಟ್ಟಡಗಳ ನಡುವಿನ ಜಾಗವನ್ನೆಲ್ಲ ಊಹೆಯ ಮನೆ, ಚಾವಣಿ, ಓಣಿಗಳಿಂದ ತುಂಬಿದ್ದಾನೆ. ಕಮಲಾಪುರದ ಮಾದರಿ ತೋರಿಸುವುದು ನೆಲವನ್ನು ಮತ್ತು ಸ್ಮಾರಕಗಳನ್ನು. ಊಹೆ ಕಡಿಮೆ, ತಪ್ಪೂ ಕಡಿಮೆ. ಅದಕ್ಕೆ ತೆತ್ತ ಬೆಲೆಯೂ ಇದೆ: ನೇಕಾರ, ಕಮ್ಮಾರ, ಕುಂಬಾರ, ಕೂಲಿಯವರ ಮಣ್ಣಿನ ಮನೆಗಳು ಇದ್ದ ಕಡೆ ಬರೀ ಬಯಲು. 1980ರ ದಶಕದ ಕೊನೆಯಿಂದ ಸುಮಾರು ಹತ್ತು ವರ್ಷ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ಕೋಟೆಯ ಹೊರಗಿನ ಸೀಮೆಯನ್ನು ಕಾಲ್ನಡಿಗೆಯಲ್ಲಿ ಸರ್ವೇ ಮಾಡಿದಾಗ ಸಿಕ್ಕಿದ್ದು ಈ ಬಯಲಿನ ಲೆಕ್ಕ: ಕೆರೆಗಳು, ಒಡ್ಡುಗಳು, ಹಾಳು ಹಳ್ಳಿಗಳು, ಕಬ್ಬಿಣದ ಕಿಟ್ಟ, ದಾರಿಬದಿಯ ಗುಡಿಗಳು, ಮಡಕೆ ಚೂರು. ರಾಜಧಾನಿಗೆ ಅನ್ನ ಎಲ್ಲಿಂದ ಬರುತ್ತಿತ್ತು ಎಂಬುದಕ್ಕೆ ಉತ್ತರ ಅಲ್ಲಿದೆ.

ಫ್ರಿಟ್ಜ್ ಮತ್ತು ಮಿಶೆಲ್ ಅಳತೆ ಶುರುಮಾಡಿದ ಹೊತ್ತಿಗೆ ಗ್ರೀನ್‌ಲಾನ ನೆಗೆಟಿವ್‌ಗಳು ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯದ ಫೋಟೊಗ್ರಾಫರ್ ಜಾನ್ ಗಾಲಿಂಗ್ಸ್ ಅವನು ನಿಂತ ಜಾಗಗಳನ್ನು ಒಂದೊಂದಾಗಿ ಹುಡುಕಿ, ಅಲ್ಲೇ ಕ್ಯಾಮೆರಾ ಹೂಡಿ ಅವೇ ನೋಟಗಳನ್ನು ತೆಗೆದರು. ಎರಡನ್ನೂ ಮಗ್ಗುಲಲ್ಲಿಟ್ಟು ನೋಡಿದಾಗ ನೂರ ಇಪ್ಪತ್ತೇಳು ವರ್ಷಗಳ ಅಂತರ ಕಣ್ಣಿಗೆ ಹೊಡೆಯುತ್ತದೆ. ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ 1856ರಲ್ಲಿ ಇಟ್ಟಿಗೆಯ ಶಿಖರವಿತ್ತು. 1983ರ ಚಿತ್ರದಲ್ಲಿ ಅದಿಲ್ಲ. ನಾವು ಐವತ್ತು ರೂಪಾಯಿ ನೋಟಿನ ಮೇಲೆ ನೋಡುವ ಬೋಳು ನೆತ್ತಿಯ ರಥ ಆಮೇಲಿನದು.

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಇತ್ತು. 2011ರಲ್ಲಿ ವಿರೂಪಾಕ್ಷನ ತೇರುಬೀದಿಯ ಸಾಲುಮಂಟಪಗಳಲ್ಲಿ ಮನೆ ಅಂಗಡಿ ಮಾಡಿಕೊಂಡಿದ್ದವರನ್ನು ತೆರವು ಮಾಡಿದರು. ಕಟ್ಟಿದಾಗ ಅದು ಪೇಟೆಯ ಬೀದಿ. ಕೊಡುವವರು ಕೊಳ್ಳುವವರು ತುಂಬಿದ್ದ ಜಾಗ. ಈಗ ಆ ಬೀದಿಯೂ ಅಂಗಳದ ಮಾದರಿಯ ಹಾಗೆ ಖಾಲಿ ಕಾಣುತ್ತದೆ. ಸ್ಮಾರಕ ಉಳಿಸುವುದಕ್ಕೂ ಊರು ಉಳಿಸುವುದಕ್ಕೂ ಇರುವ ಜಗಳ ಅಲ್ಲಿ ಇನ್ನೂ ತೀರಿಲ್ಲ.

ಮಾದರಿಯ ಸುತ್ತ ನಡೆಯುವ ಬದಲು ಊರಿನೊಳಗೇ ನಿಲ್ಲಿಸುವ ಪ್ರದರ್ಶನಗಳು ಈ ಶತಮಾನದವು. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ, ಗಾಲಿಂಗ್ಸ್ ತೆಗೆದ ಚಿತ್ರಗಳನ್ನು ಬಳಸಿ ರೂಪಿಸಿದ ‘ಪ್ಲೇಸ್-ಹಂಪಿ’ 2006ರಲ್ಲಿ ಯುರೋಪಿನಲ್ಲಿ ಮೊದಲು ಪ್ರದರ್ಶನವಾಯಿತು. ದುಂಡನೆಯ ಪರದೆ, ನಡುವೆ ತಿರುಗುವ ವೇದಿಕೆ. ವಿಶೇಷ ಕನ್ನಡಕ ಹಾಕಿಕೊಂಡು ವೇದಿಕೆಯ ಮೇಲೆ ನಿಂತವರು ಸುತ್ತ ತಿರುಗುತ್ತ ಹಂಪಿಯ ಒಂದು ತಾಣದಿಂದ ಇನ್ನೊಂದಕ್ಕೆ ಹೋಗುತ್ತಾರೆ. ಅದು ಆಮೇಲೆ ತೋರಣಗಲ್ಲಿನ ಉಕ್ಕು ಕಾರ್ಖಾನೆಯ ವಸತಿಯಲ್ಲಿರುವ ಕಲಾಧಾಮದಲ್ಲಿ ನೆಲೆ ಕಂಡಿತು. 2020ರ ಜನವರಿಯಲ್ಲಿ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಹಂಪಿಯ ಗುಡಿಗಳ ಡಿಜಿಟಲ್ ಮರುರೂಪಗಳನ್ನು ಇಟ್ಟಿದ್ದರು. ಪಾಯಸ್‌ನ ಗುಡ್ಡ ಬಿಟ್ಟು ಅಬ್ದುರ್ ರಜಾಕ್‌ನ ಬಾಗಿಲುಗಳತ್ತ ಹೊರಳಿದ ಪ್ರದರ್ಶನಗಳಿವು.

2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ಹುಟ್ಟಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಅದಕ್ಕೆ ಸೇರಿದವು. 1997ರಲ್ಲಿ ದಾವಣಗೆರೆಗೆ ಹೋಗಿ ಮತ್ತೆ ಬಳ್ಳಾರಿಗೆ ಬಂದಿದ್ದ ಹರಪನಹಳ್ಳಿಯೂ ತನ್ನ ತೆಲಿಗಿ, ಚಿಗಟೇರಿ ಹೋಬಳಿಗಳ ಸಮೇತ ಸೇರಿತು. ಅಂಗಳದಲ್ಲಿರುವ ಪಟ್ಟಣದ ಹೆಸರೇ ಈಗ ಅದರಿಂದ ಬಹುದೂರದ ಹಳ್ಳಿಗಳ ವಿಳಾಸ. ಕಮಲಾಪುರದ ಮಾದರಿ ಮಾತ್ರ ಹಂಪಿಯ ಕಣಿವೆಗೇ ನಿಲ್ಲುತ್ತದೆ. ಬಾಗಳಿ, ಕುರುವತ್ತಿ, ನೀಲಗುಂದಗಳು ಅದರ ಅಂಚಿನ ಆಚೆಗೆ, ತಂತಮ್ಮ ಊರಿನಲ್ಲೇ ಪೂಜೆ ಪಡೆಯುತ್ತಿವೆ. ಹೊಳಲಿನ ಅಮೃತೇಶ್ವರದ ಮುಖಮಂಟಪದಲ್ಲಿ ಕತ್ತೆತ್ತಿ ನೋಡುವವರಿಗೆ ಬಮ್ಮೋಜನ ಹೆಸರಿನ ಅಕ್ಷರಗಳು ಬೋದಿಗೆಯ ಮೇಲೆ ಸಿಗುತ್ತವೆ.